1950 ಕೆವಿ ಮೋಟಾರಿಗೆ 4ಎಸ್ ಬ್ಯಾಟರಿ ಸಾಕಾ?

ಪ್ರಶ್ನೆ: 5 ಇಂಚಿನ ಫ್ರೇಮ್, 2207 ಅಳತೆಯ 1950 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1950 ಸುತ್ತು) ಮೋಟಾರು, 4ಎಸ್ (ಸರಣಿಯಲ್ಲಿ ನಾಲ್ಕು ಸೆಲ್) 1500 ಎಂಎಎಚ್ ಲಿಪೊ ಬ್ಯಾಟರಿ. ಥ್ರಾಟಲ್ ಕೊಟ್ಟ ಕೂಡಲೇ ಡ್ರೋನ್ ಪಲ್ಟಿ ಹೊಡೆಯುತ್ತೆ. ಬ್ಯಾಟರಿಗೆ ಶಕ್ತಿ ಸಾಲದಾ?

ಉತ್ತರ 1: ಬ್ಯಾಟರಿ ಬಿಡಿ, ಪಲ್ಟಿಗೆ ಕಾರಣ ಬೇರೆ. ಮೊದಲು ನಾಲ್ಕೂ ಪ್ರೊಪೆಲರ್ ಬಿಚ್ಚಿ. ಡ್ರೋನ್ ಹೊಂದಿಸುವ ತಂತ್ರಾಂಶ ಬೀಟಾಫ್ಲೈಟ್‌ನ ಮೋಟಾರ್ಸ್ ಟ್ಯಾಬಿನಲ್ಲಿ ಒಂದೊಂದೇ ಸ್ಲೈಡರ್ ಎತ್ತಿ: 1 ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. ಕ್ರಮ ಸರಿಯಿದ್ದರೆ ತಿರುಗುವ ದಿಕ್ಕು ನೋಡಿ. ಕೈಯಲ್ಲಿ ಮುಂದಕ್ಕೆ ಬಾಗಿಸಿದರೆ ತೆರೆಯ ಮೇಲಿನ ಚಿತ್ರವೂ ಮುಂದಕ್ಕೇ ಬಾಗಬೇಕು. ಇಲ್ಲದಿದ್ದರೆ ಹಾರಾಟ ನಿಯಂತ್ರಿಸುವ ಬೋರ್ಡ್ ತಿರುಗಿಸಿ ಕೂರಿಸಿದ್ದೀರಿ. ಇದೆಲ್ಲ ಸರಿಯಿದ್ದರೆ ಪ್ರೊಪೆಲರೇ ಅದಲು ಬದಲು.

ಉತ್ತರ 2: ತುಂಬಿದ 4ಎಸ್ ಅಂದರೆ 16.8 ವೋಲ್ಟ್. 1950ರಿಂದ ಗುಣಿಸಿ, 32,760 ಆರ್‌ಪಿಎಂ, ಅದೂ ಲೋಡ್ ಇಲ್ಲದಾಗ. ಹಾರುತ್ತೆ, ಆದರೆ ಸಪ್ಪೆ. ಈ ಮೋಟಾರಿಗೆ 6ಎಸ್ 1100ರಿಂದ 1300 ಎಂಎಎಚ್ ಹಾಕಿ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) 6ಎಸ್ ತಡೆಯುತ್ತಾ ಖಚಿತಪಡಿಸಿಕೊಳ್ಳಿ. ಕೆಪಾಸಿಟರ್ 35 ವೋಲ್ಟಿನದೇ ಬೇಕು, ತುಂಬಿದ 6ಎಸ್ 25.2 ವೋಲ್ಟ್ ಇರುತ್ತೆ.

ಉತ್ತರ 3: ಬ್ಯಾಟರಿ ಸ್ಟಿಕರ್ ಮೇಲಿನ ‘100ಸಿ’ (ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಅಂಕಿ) ನಂಬಬೇಡಿ, ಚಾರ್ಜರಿನಲ್ಲಿ ಸೆಲ್‌ಗಳ ಇಂಟರ್ನಲ್ ರೆಸಿಸ್ಟೆನ್ಸ್ ಅಳೆಯಿರಿ. ಒಂದು ಸೆಲ್ ಮಾತ್ರ ಜಾಸ್ತಿ ತೋರಿಸಿದರೆ ಅದೇ ಮೊದಲು ಕೈಕೊಡುವುದು. ಸೆಲ್‌ಗೆ 3.5 ವೋಲ್ಟ್ ಆದಾಗ ಇಳಿಸಿ, ಎತ್ತಿಡುವಾಗ 3.8. ಊದಿದ ಪ್ಯಾಕಿಗೆ ಚಾರ್ಜ್ ಹಾಕಲೇಬೇಡಿ.