‘ಗ್ರೂಮಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ‘ಸಿಂಗಾರ’ ಅಂತೂ ಸರಿಹೋಗುತ್ತಿಲ್ಲ

ಗೆಳೆಯರೇ,

ಗೊರಸಿರುವ ಕಾಡುಪ್ರಾಣಿಗಳು ಉಣುಗು (ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳ), ಹೇನು, ನೊಣಗಳ ಕಾಟದಿಂದ ಹೇಗೆ ಪಾರಾಗುತ್ತವೆ ಅಂತ ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಗ್ರೂಮಿಂಗ್. ನಾಲಿಗೆಯಿಂದ ನೆಕ್ಕುವುದು, ಹಲ್ಲಿನಿಂದ ಕೆರೆಯುವುದು, ಹಿಂಗಾಲಿನ ಗೊರಸು ಎತ್ತಿ ಕಿವಿಯ ಹಿಂದೆ ತುರಿಸುವುದು, ಎಲ್ಲಕ್ಕೂ ಸೇರಿ ಆ ಒಂದು ಪದ. ಮೊದಲ ಕರಡಿನಲ್ಲಿ ‘ಮೈಸಿಂಗಾರ’ ಅಂತ ಬರೆದಿದ್ದೆ. ಓದಿದವರು ಚೆನ್ನಾಗಿದೆ ಅಂದರು. ಕೇಳಲು ಇಂಪಾಗಿದೆ, ನಿಜ. ಆದರೆ ವಿಷಯದ ಒಳಗೆ ಹೋದಷ್ಟೂ ಅದು ತಪ್ಪು ಪದ ಅನ್ನಿಸುತ್ತಿದೆ. ಬದಲಿಗೆ ನನಗೆ ಹೊಳೆದದ್ದನ್ನು ಇಲ್ಲಿಡುತ್ತೇನೆ. ತೂಗಿ ನೋಡಿ ಹೇಳಿ.

ಸಿಂಗಾರ ಅಂದರೆ ಚೆಂದಕ್ಕಾಗಿ ಮಾಡಿಕೊಳ್ಳುವುದು. ಈಗ ಆಫ್ರಿಕಾದ ಇಂಪಾಲಾ ಹುಲ್ಲೆಯನ್ನು ನೋಡಿ. ಬೆದೆಗಾಲದಲ್ಲಿ ತನ್ನ ಜಾಗ ಕಾಯುವ ಗಂಡು ಇಂಪಾಲಾ ಆ ಹಿಂಡಿನಲ್ಲೇ ನೋಡಲು ಭರ್ಜರಿ ಪ್ರಾಣಿ. ದಪ್ಪ ಕುತ್ತಿಗೆ, ಬಾಗಿದ ಕೊಂಬು, ಸದಾ ಎತ್ತಿದ ತಲೆ. ಆದರೆ ಮೈ ನೆಕ್ಕಿಕೊಳ್ಳುವುದರಲ್ಲಿ ಎಲ್ಲರಿಗಿಂತ ಹಿಂದೆ ಇರುವುದೂ ಅದೇ. ಬೇರೆ ಗಂಡುಗಳನ್ನು ಓಡಿಸಬೇಕು, ಹೆಣ್ಣುಗಳನ್ನು ಕಾಯಬೇಕು. ತಲೆ ತಗ್ಗಿಸಿ ಮೈ ನೋಡಿಕೊಳ್ಳಲು ಅದಕ್ಕೆ ಪುರುಸೊತ್ತೇ ಇಲ್ಲ. ಹಾಗಾಗಿ ಹೆಣ್ಣುಗಳಿಗಿಂತ ಹಲವು ಪಟ್ಟು ಜಾಸ್ತಿ ಉಣುಗು ಹೊತ್ತು ತಿರುಗುತ್ತದೆ. ಸಿಂಗಾರ ಕಾಣುವುದು ಒಂದು ಕಡೆ, ಗ್ರೂಮಿಂಗ್ ನಡೆಯುವುದು ಇನ್ನೊಂದು ಕಡೆ!

ಇದಕ್ಕೆ ತಿರುವುಮುರುವಾದ ಉದಾಹರಣೆ ಉತ್ತರ ಅಮೆರಿಕದ ಮೂಸ್. ಕುದುರೆಗಿಂತ ಎತ್ತರದ ಸಾರಂಗ ಅದು. ಅಲ್ಲಿ ಚಳಿಗಾಲದ ಉಣುಗು ಅಂತ ಒಂದು ಜಾತಿ ಇದೆ. ಶರತ್ಕಾಲದಲ್ಲಿ ಅದರ ಮರಿಗಳು ಗಿಡಗಳ ತುದಿಯಲ್ಲಿ ಗೊಂಚಲಾಗಿ ಕಾದಿದ್ದು ಹಾದುಹೋಗುವ ಮೂಸ್ ಮೈ ಹತ್ತುತ್ತವೆ. ಚಳಿಗಾಲವಿಡೀ ಅದೇ ಮೈಮೇಲೆ ಬೆಳೆಯುತ್ತವೆ. ಒಂದೊಂದು ಮೂಸ್ ಮೇಲೆ ಹತ್ತಾರು ಸಾವಿರ ಉಣುಗು. ಚಳಿಗಾಲದ ಕೊನೆಗೆ ಅವು ರಕ್ತ ಹೀರಿ ಉಬ್ಬತೊಡಗಿದಾಗ ಮೂಸ್ ನೆಕ್ಕಿ, ಕಚ್ಚಿ, ಮರಕ್ಕೆ ತಿಕ್ಕಿ ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತದೆ. ಕಂದು ಕೂದಲು ಮುರಿದು ಬುಡದ ಬಿಳಿ ಭಾಗ ಉಳಿಯುತ್ತದೆ. ಅಲ್ಲಲ್ಲಿ ಬರೀ ತೊಗಲು ಕಾಣುತ್ತದೆ. ಬೂದಿ ಬಳಿದಂತೆ ಕಾಣುವ ಇಂಥ ಪ್ರಾಣಿಯನ್ನು ಅಲ್ಲಿನ ಜನ ದೆವ್ವದ ಮೂಸ್ ಅನ್ನುತ್ತಾರೆ. ಇನ್ನೂ ಹಿಮ ಕರಗಿರುವುದಿಲ್ಲ, ಹೊದೆಯಲು ಕೂದಲಿಲ್ಲ. ಈ ಪಾಡಿಗೆ ಸಿಂಗಾರ ಅಂತ ಬರೆಯಲು ನನ್ನ ಕೈ ಬರಲಿಲ್ಲ.

ಹಾಗಾದರೆ ಏನು ಬರೆಯೋಣ? ಕ್ರಿಯಾಪದಕ್ಕೆ ನಮ್ಮಲ್ಲಿ ಬರವೇ ಇಲ್ಲ. ನೆಕ್ಕು, ಕೆರೆ, ತುರಿಸು, ತಿಕ್ಕು, ಉಜ್ಜು, ತೀಡು, ಕೊಡವು. ಇವುಗಳ ಜೊತೆ ‘ಕೊಳ್ಳು’ ಇದೆಯಲ್ಲ, ಅದಂತೂ ಈ ವಿಷಯಕ್ಕೆಂದೇ ಮಾಡಿಟ್ಟ ಹಾಗಿದೆ. ‘ಜಿಂಕೆ ನೆಕ್ಕಿಕೊಂಡಿತು’ ಅಂದರೆ ತನ್ನ ಮೈಯನ್ನು. ‘ಜಿಂಕೆ ನೆಕ್ಕಿತು’ ಅಂದರೆ ಇನ್ನೊಂದರ ಮೈಯನ್ನು. ತನ್ನದನ್ನು ತಾನು ಮಾಡುವುದಕ್ಕೆ ಒಂದು, ಬೇರೆಯವರದ್ದನ್ನು ಮಾಡುವುದಕ್ಕೆ ಒಂದು ಅಂತ ವಿಜ್ಞಾನದವರು ಎರಡು ಉದ್ದುದ್ದ ಪದ ಇಟ್ಟುಕೊಂಡಿದ್ದಾರೆ. ನಮಗೆ ಅದರ ಅಗತ್ಯವಿಲ್ಲ. ಹಾಗಾಗಿ ‘ಸ್ವ’ ಮತ್ತು ‘ಪರ’ ಸೇರಿಸಿ ಹೊಸ ಪದ ಕಟ್ಟುವುದು ಬೇಡ ಅಂತ ನನ್ನ ಅಭಿಪ್ರಾಯ.

ಕೊರತೆ ಇರುವುದು ನಾಮಪದಕ್ಕೆ. ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಬೇಕಾದಾಗ ‘ನೆಕ್ಕುವಿಕೆ’ ಸಾಲದು, ‘ಕೆರೆತ’ ಸಾಲದು. ‘ಸ್ವಚ್ಛತಾ ವರ್ತನೆ’ ಅಂದರೆ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಮೈತೊಳೆತ’ದಲ್ಲಿ ನೀರು ಬಂದುಬಿಡುತ್ತದೆ. ಕೊನೆಗೆ ನನಗೆ ಹಿಡಿಸಿದ್ದು ‘ಹಸನು’. ಅಕ್ಕಿ ಹಸನು ಮಾಡುವುದು ಅಂದರೆ ಕಲ್ಲು, ಹುಳ ಆರಿಸಿ ತೆಗೆಯುವುದು. ಹೊಲ ಹಸನು ಮಾಡುವುದು ಅಂದರೆ ಕಳೆ, ಕೂಳೆ ಕಿತ್ತು ಹದಕ್ಕೆ ತರುವುದು. ಎರಡರಲ್ಲೂ ಬೇಡದ್ದನ್ನು ಆರಿಸಿ ಕೀಳುವ ಕೆಲಸವಿದೆ. ಹುಲ್ಲೆ ತನ್ನ ಮೈಯಲ್ಲಿ ಮಾಡುವುದೂ ಅದನ್ನೇ ಅಲ್ವಾ? ‘ಮೈಹಸನು’ ಅಂದರೆ ಹೇಗೆ? ಕ್ರಿಯಾಪದವಾಗಿ ‘ಮೈ ಹಸನು ಮಾಡಿಕೊಳ್ಳು’. ‘ಬಾಳು ಹಸನಾಗಲಿ’ ಅನ್ನುವಲ್ಲಿ ಇದಕ್ಕೆ ಒಳಿತು ಅನ್ನುವ ಅರ್ಥವೂ ಇದೆ, ಗೊತ್ತು. ಆ ನೆರಳು ಇದ್ದರೂ ಅಡ್ಡಿಯಿಲ್ಲ ಅನ್ನಿಸುತ್ತದೆ.

ಇನ್ನು ಹಲ್ಲಿನ ಮಾತು. ಇಲ್ಲಿ ಕನ್ನಡ ನನಗೆ ತುಂಬಾ ಖುಷಿ ಕೊಟ್ಟಿತು. ಹುಲ್ಲೆಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳದವಡೆಯ ಮುಂದೆ ಎಂಟು ಹಲ್ಲು: ಆರು ಬಾಚಿಹಲ್ಲು, ಅವುಗಳ ಪಕ್ಕಕ್ಕೆ ಅವುಗಳಂತೆಯೇ ಕಾಣುವ ಎರಡು ಕೋರೆಹಲ್ಲು. ಇಂಪಾಲಾದಲ್ಲಿ ನಡುವಿನ ಜೋಡಿ ಅಗಲ. ಪಕ್ಕದವು ಸಪೂರ, ಗೂಡಿನಲ್ಲಿ ಸ್ವಲ್ಪ ಸಡಿಲ. ಕೂದಲಿಗೆ ಒತ್ತಿದಾಗ ಅವು ಕೊಂಚ ಬಿಡಿಸಿಕೊಂಡು ನಡುವೆ ಕೂದಲು ಜಾರಲು ಬಿಡುತ್ತವೆ. ಕೆಳಗಿನ ಹಲ್ಲು ಮೈಗೆ ಒತ್ತಿ, ತಲೆಯನ್ನು ಸರಕ್ಕನೆ ಮೇಲಕ್ಕೆ ಎಳೆಯುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲಕ್ಕೆ. ನಿಧಾನಗತಿಯ ವಿಡಿಯೋದಲ್ಲಿ ನೋಡಿದರೆ ಆ ಜಾಗದ ಕೂದಲು ಒಂದು ಕ್ಷಣ ನೆಟ್ಟಗೆ ನಿಂತು ಮತ್ತೆ ಮಲಗುವುದು ಕಾಣುತ್ತದೆ. ಅದು ಬಾಚಣಿಗೆಯ ಕೆಲಸ. ಹಾಗಾಗಿ ಹಲ್ಲಿನ ಈ ಕೆಲಸಕ್ಕೆ ‘ಕೆರೆ’ ಬಿಟ್ಟು ‘ಬಾಚು’ ಬಳಸುತ್ತಿದ್ದೇನೆ. ಬಾಚಿಹಲ್ಲಿನಿಂದ ಬಾಚಿಕೊಳ್ಳುವುದು! ‘ಕೆರೆ’ಯನ್ನು ಹಿಂಗಾಲಿನ ಗೊರಸಿಗೆ ಬಿಟ್ಟಿದ್ದೇನೆ. ಬಾಯಿ ಪಕ್ಕೆ, ತೊಡೆ, ಹೊಟ್ಟೆಗಳನ್ನು ಮುಟ್ಟುತ್ತದೆ. ತಲೆ, ಕಿವಿ, ಕುತ್ತಿಗೆಗೆ ಗೊರಸೇ ಗತಿ.

ಗೊರಸಿಗಿಂತ ಚೆನ್ನಾದ ದಾರಿಯೊಂದನ್ನು ಇಂಪಾಲಾ ಕಂಡುಕೊಂಡಿದೆ. ನನ್ನ ಎರಡನೇ ಪ್ರಶ್ನೆ ಅದರ ಬಗ್ಗೆ. ಎರಡು ಇಂಪಾಲಾ ಎದುರುಬದುರು ನಿಲ್ಲುತ್ತವೆ. ಒಂದು ಇನ್ನೊಂದರ ಕುತ್ತಿಗೆಯನ್ನು ಕೆಳಗಿನಿಂದ ಮೇಲಕ್ಕೆ ಬಾಚುತ್ತಾ ಹೋಗುತ್ತದೆ. 6ರಿಂದ 12 ಸಲ ಬಾಚಿ ನಿಲ್ಲಿಸುತ್ತದೆ. ಬಾಚಿಸಿಕೊಂಡದ್ದು ಕೂಡಲೇ ತನ್ನ ಸರದಿ ತಗೊಂಡು ಹೆಚ್ಚುಕಡಿಮೆ ಅಷ್ಟೇ ಸಲ ಬಾಚುತ್ತದೆ. ಹೀಗೆ ಹಲವು ಸುತ್ತು. ಒಂದು ನಿಲ್ಲಿಸಿಬಿಟ್ಟರೆ ಇನ್ನೊಂದೂ ಬೇಗ ನಿಲ್ಲಿಸುತ್ತದೆ. ತನ್ನ ಬಾಯಿಗೆ ಎಟುಕದ ಜಾಗವನ್ನೇ ಇನ್ನೊಂದಕ್ಕೆ ಒಡ್ಡುತ್ತದೆ. ಎರಡು ಹೆಣ್ಣು ಸೇರಿ ಮಾಡುತ್ತವೆ, ಎರಡು ಗಂಡು ಸೇರಿಯೂ ಮಾಡುತ್ತವೆ. ಪ್ರಾಣಿಗಳ ವರ್ತನೆಯ ಸಂಶೋಧಕರಾದ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ ಇದನ್ನು ಎಣಿಸಿ 1992ರಲ್ಲಿ ಪ್ರಕಟಿಸಿದರು. ಕೊಟ್ಟಷ್ಟು ಪಡೆಯುವ ಲೆಕ್ಕ ಇಷ್ಟು ಸರಿಯಾಗಿ ಕಾಡುಪ್ರಾಣಿಗಳಲ್ಲಿ ಕಾಣುವುದು ಅಪರೂಪ.

ಇದಕ್ಕೆ ‘ಪರಸ್ಪರ’ ಅಂತ ಸೇರಿಸಿದರೆ ಅರ್ಥವೇನೋ ಬರುತ್ತದೆ. ಸರದಿಯೂ ಲೆಕ್ಕವೂ ಬರುವುದಿಲ್ಲ. ‘ಪರಸ್ಪರ ಪ್ರೀತಿ’ಯಲ್ಲಿ ಯಾರೂ ಎಣಿಸುವುದಿಲ್ಲವಲ್ಲ. ನಮ್ಮಲ್ಲಿ ‘ಮುಯ್ಯಿ’ ಇದೆ. ಮುಯ್ಯಾಳು ಅಂದರೆ ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಇಂಪಾಲಾ ಮಾಡುವುದು ಇದನ್ನೇ. ‘ಮುಯ್ಯಿಬಾಚು’ ಅಂತ ಬರೆದು ನೋಡಿದೆ, ಮನಸ್ಸಿಗೆ ಬಂತು. ತೊಡಕು ಏನೆಂದರೆ ‘ಮುಯ್ಯಿ ತೀರಿಸಿಕೊಂಡ’ ಅಂದಾಗ ಸೇಡು ಅನ್ನುವ ಅರ್ಥ ಬರುತ್ತದೆ. ಮುಯ್ಯಾಳಿನ ಅರ್ಥ ಗೊತ್ತಿಲ್ಲದ ಹುಡುಗ ‘ಮುಯ್ಯಿ’ ಓದಿದರೆ ಎರಡು ಹುಲ್ಲೆ ಜಗಳವಾಡುತ್ತಿವೆ ಅಂದುಕೊಳ್ಳುವ ಅಪಾಯವಿದೆ.

ಕುದುರೆ, ಜೀಬ್ರಾಗಳ ವಿಷಯ ಸ್ವಲ್ಪ ಬೇರೆ. ಅವು ಸರದಿಗೆ ಕಾಯುವುದಿಲ್ಲ. ತಲೆ ಬಾಲ ಅದಲುಬದಲಾಗಿ ನಿಂತು ಇಬ್ಬರೂ ಒಟ್ಟಿಗೆ ಒಬ್ಬರ ಹೆಗಲನ್ನೊಬ್ಬರು ಮೆಲ್ಲುತ್ತವೆ. ಫ್ರಾನ್ಸಿನ ಕಾಮಾರ್ಗ್ ಕುದುರೆಗಳಲ್ಲಿ ಕುತ್ತಿಗೆ ಬೆನ್ನಿಗೆ ಕೂಡುವ ಆ ಜಾಗವನ್ನು ಕೈಯಿಂದ ಉಜ್ಜಿದರೆ ಎದೆಬಡಿತ ಇಳಿಯುತ್ತದೆ ಅಂತ 1993ರಲ್ಲಿ ತೋರಿಸಿದ್ದಾರೆ. ಅಂದರೆ ಇಲ್ಲಿ ಹುಳ ತೆಗೆಯುವುದರ ಜೊತೆಗೆ ಹಿತವೂ ಇದೆ, ನಂಟೂ ಇದೆ. ಇದಕ್ಕೆ ‘ಪರಸ್ಪರ’ವೇ ಸಾಕು. ಇಂಪಾಲಾಗೆ ಮಾತ್ರ ಬೇರೆ ಪದ ಬೇಕು ಅನ್ನುವ ನನ್ನ ಹಟಕ್ಕೆ ಕಾರಣವೂ ಇದೇ.

ಮೂರನೆಯದು ನನ್ನನ್ನು ಜಾಸ್ತಿ ಕಾಡಿದ್ದು. ತುರಿಸಿದರೆ ಕೆರೆದುಕೊಳ್ಳುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹುಲ್ಲೆಗಳು ಹಾಗಲ್ಲ. ಉಣುಗೇ ಇಲ್ಲದ ಮೃಗಾಲಯದಲ್ಲೂ ಅವು ಹೊತ್ತುಹೊತ್ತಿಗೆ ಮೈ ಬಾಚಿಕೊಳ್ಳುತ್ತವೆ. ಒಳಗೊಂದು ಗಡಿಯಾರ ಇದ್ದ ಹಾಗೆ. ಉಣುಗು ಕಚ್ಚಿ ಗೊತ್ತಾಗುವ ಮುಂಚೆಯೇ, ಅದು ಇನ್ನೂ ಜಾಗ ಹುಡುಕುತ್ತಿರುವಾಗಲೇ ಅದನ್ನು ಬಾಚಿ ಎಸೆಯುವ ಉಪಾಯ ಇದು. ಹೆಣ್ಣು ಉಣುಗು ಹಲವು ದಿನ ಅಂಟಿಕೊಂಡು ರಕ್ತ ಹೀರಿ ತನ್ನ ತೂಕದ ನೂರು ಪಟ್ಟಿನವರೆಗೂ ಉಬ್ಬಬಲ್ಲದು. ತಡವಾದಷ್ಟೂ ನಷ್ಟ ಜಾಸ್ತಿ.

ಚಿಕ್ಕ ಪ್ರಾಣಿಗೆ ಈ ನಷ್ಟ ಇನ್ನೂ ಜೋರು. ತೂಕಕ್ಕೆ ಹೋಲಿಸಿದರೆ ಅದಕ್ಕೆ ಚರ್ಮ ಹೆಚ್ಚು, ಮೈಯಲ್ಲಿರುವ ಒಟ್ಟು ರಕ್ತವೋ ಕಡಿಮೆ. ಅದಕ್ಕೇ 5 ಕಿಲೋ ಆಸುಪಾಸಿನ ಡಿಕ್‌ಡಿಕ್ ಅನ್ನುವ ಪುಟ್ಟ ಹುಲ್ಲೆ ಪದೇ ಪದೇ ಬಾಚಿಕೊಳ್ಳುತ್ತದೆ. 500 ಕಿಲೋ ದಾಟುವ ಗಂಡು ಈಲ್ಯಾಂಡ್ ಹುಲ್ಲೆ ಅಪರೂಪಕ್ಕೆ. ಒಂದೇ ಜಾತಿಯಲ್ಲಿ ನೋಡಿದರೂ ಮರಿಗಳು ದೊಡ್ಡವಕ್ಕಿಂತ ಹೆಚ್ಚು ಬಾಚಿಕೊಳ್ಳುತ್ತವೆ. ಗಡಿಯಾರದಂತೆ ಹೊತ್ತುಹೊತ್ತಿಗೆ ಮಾಡುವುದು, ತುರಿಸಿದಾಗ ಮಾಡುವುದು, ಈ ಎರಡು ಬಗೆಗೆ ‘ಹೊತ್ತಿನ ಹಸನು’, ‘ತುರಿಕೆಯ ಹಸನು’ ಅಂತ ಇಟ್ಟಿದ್ದೇನೆ. ‘ಪೂರ್ವನಿಯೋಜಿತ’, ‘ಪ್ರಚೋದನಾಧಾರಿತ’ ಅಂತ ಬರೆದರೆ ಮಕ್ಕಳು ಪುಟ ಮಗುಚಿಬಿಡುತ್ತಾರೆ. ಮೇಲೆ ಹೇಳಿದ ಮೂಸ್ ಕಷ್ಟವೂ ಇದರಿಂದ ಒಂದೇ ಸಾಲಿನಲ್ಲಿ ತಿಳಿಯುತ್ತದೆ: ಅದು ಹೆಚ್ಚಾಗಿ ತುರಿಕೆಯ ಹಸನನ್ನು ನಂಬಿದೆ, ತುರಿಕೆ ಶುರುವಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ನಾನು ಮೊದಲಿಂದ ‘ಉಣುಗು’ ಅಂತಲೇ ಬರೆಯುತ್ತಿರುವುದನ್ನು ಗಮನಿಸಿರಬಹುದು. ‘ಉಣ್ಣೆ’ ಹೆಚ್ಚು ಬಳಕೆಯಲ್ಲಿದೆ. ಆದರೆ ಕಾಡುಕುರಿಗಳ ಅಧ್ಯಾಯದಲ್ಲಿ ‘ಕುರಿಯ ಮೈಯಿಂದ ಉಣ್ಣೆ ತೆಗೆದರು’ ಅಂತ ಬಂದರೆ ತೆಗೆದದ್ದು ಕೂದಲೋ ಹುಳವೋ? ಕೂದಲಿನ ಉಣ್ಣೆ ಸಂಸ್ಕೃತದ ಊರ್ಣಾದಿಂದ ಬಂದದ್ದು. ಹುಳದ ಉಣ್ಣೆ ನಮ್ಮದೇ, ತಮಿಳು ಮಲಯಾಳಗಳ ಉಣ್ಣಿಗೆ ನೆಂಟ. ಎಲ್ಲಿಂದಲೋ ಹೊರಟ ಎರಡು ಪದ ಒಂದೇ ರೂಪಕ್ಕೆ ಬಂದು ನಿಂತಿವೆ. ‘ಉಣ್ಣಿ’ ಅಂತ ಬರೆದರೆ ‘ಊಟ ಉಣ್ಣಿ’ ಅಂದ ಹಾಗಾಗುತ್ತದೆ. ಉಣುಗಿಗೆ ಇಂಥ ಗೊಂದಲವಿಲ್ಲ.

ಮೈಹಸನಿಗೆ ಸೇರದ ಕೆಲವು ಕೆಲಸಗಳನ್ನು ಬೇರೆಯಾಗಿಯೇ ಇಟ್ಟಿದ್ದೇನೆ. ಬಾಲ ಬೀಸುವುದು, ಕಿವಿ ಒದರುವುದು, ನೊಣ ಕೂತ ಜಾಗದಲ್ಲಷ್ಟೇ ಚರ್ಮ ಅದುರಿಸುವುದು. ಇವು ಬಂದದ್ದನ್ನು ಕೂರಲು ಬಿಡದ ಕೆಲಸ, ಕೂತದ್ದನ್ನು ಆರಿಸುವುದಲ್ಲ. ಜೀಬ್ರಾದ ಪಟ್ಟೆಯೂ ಈ ಗುಂಪಿಗೇ. 2019ರಲ್ಲಿ ಜೀವವಿಜ್ಞಾನಿ ಟಿಮ್ ಕ್ಯಾರೋ ತಂಡದವರು ಕುದುರೆಗೆ ಪಟ್ಟೆಪಟ್ಟೆ ಹೊದಿಕೆ ಹಾಕಿ ನೋಡಿದಾಗ ಹೊದಿಕೆಯ ಮೇಲೆ ನೊಣ ಇಳಿಯುವುದು ಕಡಿಮೆಯಾಯಿತು. ಹೊದಿಕೆ ಇಲ್ಲದ ತಲೆಯ ಮೇಲೆ ಮಾತ್ರ ಎಂದಿನಂತೆ ಇಳಿದವು. ಕಾಡೆಮ್ಮೆ, ಕಾಡುಹಂದಿ, ಖಡ್ಗಮೃಗಗಳ ಕೆಸರಾಟಕ್ಕೆ ‘ಹೊರಳು’ ಇದ್ದೇ ಇದೆ. ಉತ್ತರ ಅಮೆರಿಕದ ಬೈಸನ್ ಹೊರಳಿ ಹೊರಳಿ ನೆಲದಲ್ಲಿ ತಟ್ಟೆಯಂಥ ತಗ್ಗು ಮಾಡುತ್ತದೆ. ಅದಕ್ಕೆ ‘ಹೊರಳುಗುಂಡಿ’ ಅಂತ ಬರೆದಿದ್ದೇನೆ.

ನಿಮ್ಮಿಂದ ಬೇಕಿರುವುದು ಎರಡು. ‘ಮೈಹಸನು’ ನಿಮ್ಮ ಕಿವಿಗೆ ಒಗ್ಗುತ್ತದೆಯಾ, ಅಥವಾ ನಿಮ್ಮ ಕಡೆ ದನ, ಕುದುರೆ ಮೈ ನೆಕ್ಕಿಕೊಳ್ಳುವುದಕ್ಕೆ ಇದಕ್ಕಿಂತ ಸಲೀಸಾದ ಮಾತಿದೆಯಾ? ಎರಡನೆಯದು, ಈ ಸಾಲನ್ನು ಸುಮ್ನೆ ಒಮ್ಮೆ ಜೋರಾಗಿ ಓದಿ: ‘ಎರಡು ಇಂಪಾಲಾಗಳು ನೆರಳಲ್ಲಿ ನಿಂತು ಮುಯ್ಯಿಗೆ ಕುತ್ತಿಗೆ ಬಾಚುತ್ತಿದ್ದವು.’ ನಿಮ್ಮ ಮನೆಯ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಓದಿಸಿ, ಅವರಿಗೆ ಕಂಡದ್ದು ಸ್ನೇಹವೋ ಜಗಳವೋ ಕೇಳಿ ಬರೆಯಿರಿ.