ಸಿಗ್ನಲ್ ಪ್ರಾಬ್ಲಂ

ಗುಂಪು: ಮನೆ ಬಳಗ
ಭಾನುವಾರ, 28 ಸೆಪ್ಟೆಂಬರ್ 2025

ದೊಡ್ಡಪ್ಪ (ಫಾರ್ವರ್ಡ್): ನಾಲಿಗೆ ಹರಿಬಿಟ್ಟ ಟಿವಿ ನಿರೂಪಕನನ್ನು ಅಮೆರಿಕಾ ಸರ್ಕಾರ ಮನೆಗೆ ಕಳಿಸಿದೆ!! ನಮ್ಮ ಆಂಕರ್‌ಗಳಿಗೂ ಇದೇ ಮದ್ದು ಬೇಕು. ಒಪ್ಪುವವರು ಹತ್ತು ಜನಕ್ಕೆ ಕಳಿಸಿ 🙏🙏

ಮೈಸೂರು ಅತ್ತೆ: ಸರಿಯಾಗಿದೆ ಅಣ್ಣ. ರಾತ್ರಿ 9ಕ್ಕೆ ಟಿವಿ ಹಾಕಿದರೆ ಎಂಟು ಜನ ಒಟ್ಟಿಗೆ ಕಿರುಚುತ್ತಾರೆ. ನಿನ್ನೆ ಗೊಂಬೆ ನೋಡಲು ಬಂದ ಮಕ್ಕಳು ಕಿವಿ ಮುಚ್ಚಿಕೊಂಡವು.

ಸಿಯಾಟಲ್ ಅಣ್ಣ: ಅಪ್ಪ, ಹಳಸಿದ ಸುದ್ದಿ ಇದು. ಆ ನಿರೂಪಕ ಜಿಮ್ಮಿ ಕಿಮ್ಮೆಲ್ 23ಕ್ಕೇ ವಾಪಸ್ ಬಂದಾಯ್ತು. ಕಳಿಸಿದ್ದು ಸರ್ಕಾರವೂ ಅಲ್ಲ, ಎಬಿಸಿ ಚಾನೆಲ್.

ದೊಡ್ಡಪ್ಪ: ಇನ್ನೂ ಒಳ್ಳೆಯದಾಯ್ತು. ಯಜಮಾನ ಕೆಲಸದವನಿಗೆ ನಾಲ್ಕು ದಿನ ಬರಬೇಡ ಎಂದ. ಇದರಲ್ಲಿ ಗಲಾಟೆ ಏನು? ಕೊಲೆಯಾದವನ ವಿಷಯದಲ್ಲಿ ತಮಾಷೆ ಮಾಡಿದರೆ ಸುಮ್ಮನೆ ಬಿಡಬೇಕಾ?

ಸಿಯಾಟಲ್ ಅಣ್ಣ: ಟ್ರಂಪ್ ಬೆಂಬಲಿಗ ಚಾರ್ಲಿ ಕರ್ಕ್‌ನನ್ನು ಕೊಂದವನು ತಮ್ಮವನಲ್ಲ ಎಂದು ತೋರಿಸಲು ಟ್ರಂಪ್ ಕಡೆಯವರು ಒದ್ದಾಡುತ್ತಿದ್ದಾರೆ ಎಂದು ಕಿಮ್ಮೆಲ್ ಅಂದಿದ್ದ. ಆ ಮಾತು ನನಗೂ ಸರಿ ಕಾಣಲಿಲ್ಲ. ಆದರೆ ಆಮೇಲೆ ಆಗಿದ್ದು ನೋಡಿ. ಅವನು ಮಾತಾಡಿದ್ದು 15ಕ್ಕೆ. 17ಕ್ಕೆ ಇಲ್ಲಿ ಟಿವಿ-ರೇಡಿಯೋ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಒಂದು ಪಾಡ್‌ಕಾಸ್ಟ್‌ನಲ್ಲಿ ಕೂತು, ಇದನ್ನು ಸುಲಭದ ದಾರಿಯಲ್ಲೂ ಮುಗಿಸಬಹುದು, ಕಷ್ಟದ ದಾರಿಯಲ್ಲೂ ಮುಗಿಸಬಹುದು ಎಂದರು. ಅವತ್ತೇ ನೆಕ್ಸ್‌ಸ್ಟಾರ್ ಕಂಪನಿ ನಮ್ಮ ಸ್ಟೇಷನ್‌ಗಳಲ್ಲಿ ಈ ಶೋ ಹಾಕುವುದಿಲ್ಲ ಎಂದಿತು. ಅದರ ಬೆನ್ನಿಗೇ ಎಬಿಸಿ ಶೋ ನಿಲ್ಲಿಸಿತು.

ದೊಡ್ಡಪ್ಪ: ಬಾಯಿಮಾತು ತಾನೇ? ಆರ್ಡರ್ ಎಲ್ಲಿದೆ?

ನಾನು: ಅದೇ ದೊಡ್ಡಪ್ಪ, ಆರ್ಡರ್ ಇಲ್ಲ! ಅಲ್ಲಿ ಎಫ್‌ಸಿಸಿ ಲೈಸೆನ್ಸ್ ಕೊಡುವುದು ಊರೂರಿನ ಸ್ಟೇಷನ್‌ಗಳಿಗೆ, ಎಬಿಸಿಯಂಥ ನೆಟ್‌ವರ್ಕ್‌ಗಲ್ಲ. ಸೆನ್ಸಾರ್ ಮಾಡಕೂಡದು ಎಂದು 1934ರ ಕಾಯ್ದೆಯ 326ನೇ ಸೆಕ್ಷನ್ನೇ ಹೇಳುತ್ತದೆ. ಬರೆದು ಕೊಟ್ಟರೆ ಕೋರ್ಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ನೆಕ್ಸ್‌ಸ್ಟಾರ್ ಈಗ 620 ಕೋಟಿ ಡಾಲರ್ ಕೊಟ್ಟು ಟೆಗ್ನಾ ಎಂಬ ಕಂಪನಿ ಕೊಳ್ಳಲು ಹೊರಟಿದೆ. ಒಂದೇ ಕಂಪನಿ ದೇಶದ ಶೇ 39ಕ್ಕಿಂತ ಜಾಸ್ತಿ ಮನೆ ಮುಟ್ಟಬಾರದು ಎಂಬ ಮಿತಿಯೂ ಸಡಿಲ ಆಗಬೇಕು. ಅದಕ್ಕೆ ಹೂಂ ಎನ್ನಬೇಕಾದವರು ಇದೇ ಎಫ್‌ಸಿಸಿ.

ದೊಡ್ಡಪ್ಪ: ಎಫ್‌ಸಿಸಿಗೂ ನಮ್ಮ ತೀರ್ಮಾನಕ್ಕೂ ಸಂಬಂಧ ಇಲ್ಲ ಅಂತ ಆ ಕಂಪನಿಯೇ ಹೇಳಿದೆ. ನಾನೂ ಪೇಪರ್ ಓದುತ್ತೇನಮ್ಮಾ.

ನಾನು: ಹೇಳದೆ ಇರುತ್ತಾರಾ ದೊಡ್ಡಪ್ಪ?

ಸಿಯಾಟಲ್ ಅಣ್ಣ: 23ರ ರಾತ್ರಿ 11:35ಕ್ಕೆ ನಿದ್ದೆ ಕೆಟ್ಟು ಕೂತು ಟಿವಿ ಹಾಕಿದೆ. ದೇಶವೆಲ್ಲ ಕಿಮ್ಮೆಲ್ ನೋಡುತ್ತಿದೆ, ಎಬಿಸಿ ತೋರಿಸುವ ನಮ್ಮ ಊರಿನ ಸ್ಟೇಷನ್ ಕೋಮೊದಲ್ಲಿ ನ್ಯೂಸ್! ಆ ಸ್ಟೇಷನ್ ಸಿಂಕ್ಲೇರ್ ಕಂಪನಿಯದು, ಅವರೂ ಶೋ ತಡೆದಿದ್ದರು. 26ಕ್ಕೆ ಬಿಟ್ಟರು. ಅಪ್ಪ, ಸೆನೆಟರ್ ಟೆಡ್ ಕ್ರೂಸ್ ಟ್ರಂಪ್ ಪಕ್ಷದವರೇ. ಅವರೂ ಕಾರ್ ಮಾತಾಡಿದ್ದು ಮಾಫಿಯಾದವರ ಧಾಟಿ ಎಂದಿದ್ದಾರೆ.

ಅತ್ತೆ: ಅಮೆರಿಕಾ ಕಟ್ಟಿಕೊಂಡು ನಮಗೇನು? ಇಲ್ಲಿ ಕಿರುಚುವವರಿಗೆ ಏನು ಮದ್ದು, ಅದನ್ನು ಹೇಳಿ.

ನಾನು: ಎನ್‌ಬಿಡಿಎಸ್‌ಎಗೆ ದೂರು ಕೊಡಬಹುದು ಅತ್ತೆ. ಚಾನೆಲ್‌ಗಳೇ ಸೇರಿ, ದೂರು ವಿಚಾರಿಸಲು ಮಾಡಿಕೊಂಡ ಸಂಸ್ಥೆ. ದಂಡ ಹಾಕುತ್ತದೆ.

ಅತ್ತೆ: ಅತ್ತೆ-ಸೊಸೆ ಜಗಳಕ್ಕೆ ಅತ್ತೆಯೇ ಪಂಚಾಯ್ತಿ ಮಾಡಿದ ಹಾಗೆ 😂

ದೊಡ್ಡಪ್ಪ: ನೋಡಿ, ಅದಕ್ಕೇ ಸರ್ಕಾರವೇ ಬೇಕು ಎನ್ನುವುದು.

ನಾನು: ಸರ್ಕಾರಕ್ಕೆ ಅಧಿಕಾರ ಇಲ್ಲ ಎಂದಲ್ಲ. 1995ರ ಕೇಬಲ್ ಕಾಯ್ದೆಯಲ್ಲಿ ಕಾರ್ಯಕ್ರಮ ನಿಲ್ಲಿಸಬಹುದು, ಚಾನೆಲ್ಲೇ ನಿಲ್ಲಿಸಬಹುದು. ಆದರೆ ಕಾಗದದ ಮೇಲೆ ಬರಲಿ. ಕೇರಳದ ಮೀಡಿಯಾಒನ್‌ಗೆ 2022ರ ಜನವರಿಯಲ್ಲಿ ಲೈಸೆನ್ಸ್ ನವೀಕರಣ ಇಲ್ಲ ಎಂದರು. ಕಾರಣ ಕೇಳಿದರೆ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಮಾತ್ರ ಕೊಟ್ಟರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ನಮ್ಮ ಪವರ್ ಟಿವಿ ನೆನಪಿದೆಯಲ್ಲ? 2024ರ ಜೂನ್‌ನಲ್ಲಿ ಲೈಸೆನ್ಸ್ ವಿಷಯಕ್ಕೇ ಹೈಕೋರ್ಟ್ ಪ್ರಸಾರ ನಿಲ್ಲಿಸಿತು. ಜುಲೈ 12ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ಚಾನೆಲ್ ನನಗೆ ಇಷ್ಟ ಎಂದು ಹೇಳುತ್ತಿಲ್ಲ. ಕಾಗದ ಇದ್ದಿದ್ದಕ್ಕೆ ಕೋರ್ಟ್‌ಗೆ ಹೋಗಲು ಆಯಿತು. ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿಗೆ ಯಾರು ತಡೆ ಕೊಡುತ್ತಾರೆ?

ದೊಡ್ಡಪ್ಪ: ಹೆದರುವವನ ತಪ್ಪು ಅದು. ಆರ್ಡರ್ ಇಲ್ಲದೆ ಯಾರೋ ಏನೋ ಅಂದರೆಂದು ಚಾನೆಲ್ ಬಂದ್ ಮಾಡುತ್ತಾರೇನು? ಬೆನ್ನುಮೂಳೆ ಇರಬೇಕು.

ಚಿಕ್ಕಪ್ಪ: ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಹೇಳಿಬಿಡುತ್ತೇನೆ.

ಚಿಕ್ಕಪ್ಪ: ನಾನು ಕೇಬಲ್ ನಡೆಸುತ್ತಿದ್ದ ಕಾಲ, ಸೆಟ್‌ಟಾಪ್ ಬಾಕ್ಸ್ ಇನ್ನೂ ಬಂದಿರಲಿಲ್ಲ. ಎಲೆಕ್ಷನ್ ಟೈಮು. ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ, ಹೆದರಿಸಲಿಲ್ಲ. ಮಗಳ ಓದು ಹೇಗಿದೆ ಎಂದು ಕೇಳಿದರು. ಆಮೇಲೆ "ನಿನ್ನ ಕೇಬಲ್ ಎಲ್ಲ ಕರೆಂಟ್ ಕಂಬದ ಮೇಲೇ ಹೋಗಿದೆಯಲ್ಲ, ಪರ್ಮಿಷನ್ ಇದೆಯೇನಪ್ಪಾ?" ಎಂದರು. ಕೊನೆಗೆ "ಆ ಚಾನೆಲ್‌ನಲ್ಲಿ ನಮ್ಮ ಬಗ್ಗೆ ಏನೇನೋ ಬರುತ್ತಿದೆಯಂತೆ" ಎಂದು ಫೋನ್ ಇಟ್ಟರು. ಅಷ್ಟೇ. ಸಂಜೆ ಕಂಟ್ರೋಲ್ ರೂಮಿಗೆ ಹೋಗಿ ಆ ಚಾನೆಲ್‌ನ ವೈರ್ ನಾನೇ ಕೈಯಾರೆ ಕಿತ್ತೆ. ಹನ್ನೊಂದು ದಿನ. ಕೇಳಿದವರಿಗೆಲ್ಲ ಸಿಗ್ನಲ್ ಪ್ರಾಬ್ಲಂ ಎಂದೆ.

ಅತ್ತೆ: ಅಯ್ಯೋ, ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಲ್ಲೋ.

ಚಿಕ್ಕಪ್ಪ: ಏನೆಂದು ಹೇಳಲಿ? ಅವರು ಬಂದ್ ಮಾಡು ಎಂದು ಹೇಳಲೇ ಇಲ್ಲವಲ್ಲ.

ದೊಡ್ಡಪ್ಪ: ಒಂದು ನಿಮಿಷ. ನಾನು ಆಗ ದಿನಾ ಫೋನ್ ಮಾಡುತ್ತಿದ್ದೆ. ನನಗೂ ಸಿಗ್ನಲ್ ಪ್ರಾಬ್ಲಂ ಎಂದೆಯಲ್ಲೋ?

ಚಿಕ್ಕಪ್ಪ: ಹೂಂ ಅಣ್ಣ.

ದೊಡ್ಡಪ್ಪ: ಮಾಳಿಗೆ ಹತ್ತಿ ವೈರ್ ಅಲುಗಾಡಿಸಿ ನೋಡು ಎಂದೆ. ಎರಡು ಸಲ ಹತ್ತಿದ್ದೆ.

ಚಿಕ್ಕಪ್ಪ: 🙏

ದೊಡ್ಡಪ್ಪ: ಆ ತಿಂಗಳ ದುಡ್ಡನ್ನೂ ಪೂರ್ತಿ ವಸೂಲಿ ಮಾಡಿದ್ದೀಯ.