ಹಿಡಿದು ತಂದ ಹಾವು ಪಳಗುತ್ತಾ?

ಕೇಳಿದ್ದು, ಶಿವಮೊಗ್ಗ ವಿನೋಬನಗರದಿಂದ:
ಮಗನಿಗೆ ಬಾಲ್ ಪೈಥಾನ್ (ಆಫ್ರಿಕಾದ ಒಂದು ಜಾತಿ ಸಣ್ಣ ಹೆಬ್ಬಾವು) ಬೇಕು ಅಂತ ಒಂದೇ ಹಟ. ಬೆಂಗಳೂರಿನ ಒಬ್ಬರ ಹತ್ರ ಎರಡಿವೆ. ಒಂದು 'ಇಲ್ಲೇ ಮರಿಯಾದದ್ದು', ಇನ್ನೊಂದು ಆಫ್ರಿಕಾದಿಂದ ಬಂದ ದೊಡ್ಡದು, ಅರ್ಧ ರೇಟು. ಕಾಡಲ್ಲಿ ಹಿಡಿದದ್ದು ಪಳಗುತ್ತಾ? ಸಾಕಿದವರು ಹೇಳಿ.

ಸಾಗರದಿಂದ:
ಸರ್, ಆ ಅರ್ಧ ರೇಟಿಗೆ ಮರುಳಾದವನು ನಾನೇ. ಘಾನಾ, ಟೋಗೋ, ಬೆನಿನ್ ಕಡೆಯ ಹಾವು ಇದು. ಹೆದರಿದ್ರೆ ಸಾಮಾನ್ಯವಾಗಿ ಕಚ್ಚಲ್ಲ, ತಲೆ ಒಳಗಿಟ್ಟು ಉಂಡೆ ಕಟ್ಟಿಕೊಳ್ಳುತ್ತೆ. ನನ್ನದು ಎರಡು ತಿಂಗಳು ಉಂಡೆಯಾಗೇ ಇತ್ತು. 'ಎಷ್ಟು ಸಾಧು ನೋಡಿ' ಅಂತ ಬಂದವರಿಗೆಲ್ಲ ತೋರಿಸ್ತಿದ್ದೆ. ಸಾಧು ಅಲ್ಲ ಮಾರಾಯ್ರೆ, ಜೀವಭಯ. ಗಂಟಲ ಕೆಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಹುರುಪೆ ಸಂದಿಯಲ್ಲಿ ಉಣ್ಣಿ, ದನದ ಕಿವೀಲಿರುತ್ತಲ್ಲ, ಹಾಗೇ. ನಾಲ್ಕು ತಿಂಗಳು ಇಲಿ ಮೂಸಲಿಲ್ಲ. ಕೊನೆಗೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಮುಟ್ಟೋದನ್ನೇ ಬಿಟ್ಟೆ. ಒಂದು ಬೆಳಿಗ್ಗೆ ನೋಡ್ತೀನಿ, ಇಲಿ ಮಾಯ. ಈಗಲೂ ಮುಚ್ಚಳ ತೆಗೆದ್ರೆ ಉಸಿರು ಬುಸ್ ಅನ್ನುತ್ತೆ.

ಆಮೇಲೆ ತಂದ ಮರಿಯ ಅಪ್ಪ ಅಮ್ಮ ಎರಡೂ ಮನೇಲಿ ಸಾಕಿದ ಹಾವುಗಳೇ. ಆದ್ರೂ ಮೊದಲ ವಾರ ಕಚ್ಚಿತು. ಅಷ್ಟು ಸಣ್ಣ ಮರಿಗೆ ನಾವೆಲ್ಲ ಹದ್ದೇ. ಈಗ ಫ್ರೀಜರಿಂದ ತೆಗೆದು ಬಿಸಿನೀರಲ್ಲಿ ಬೆಚ್ಚಗೆ ಮಾಡಿದ ಇಲಿಯನ್ನ ಇಕ್ಕಳದಿಂದಲೇ ತಗೊಳ್ಳುತ್ತೆ, ಕೈಮೇಲೆ ನಾಲಿಗೆ ಆಡಿಸ್ತಾ ಓಡಾಡುತ್ತೆ. ಪ್ರೀತಿ ಗೀತಿ ಏನಿಲ್ಲ, ನನ್ನ ಕೈ ಅದಕ್ಕೊಂದು ಕೊಂಬೆ ಅಷ್ಟೆ.

'ಇಲ್ಲೇ ಮರಿಯಾದದ್ದು' ಅನ್ನೋ ಮಾತು ನಂಬಬೇಡಿ. ಕಾಡಲ್ಲಿ ಮೊಟ್ಟೆ ಹೊತ್ತ ಹೆಣ್ಣು ಹಿಡಿದು ಮರಿ ಮಾಡಿಸಿದ್ರೂ ಹಾಗೇ ಹೇಳ್ತಾರೆ. ಅಪ್ಪ ಅಮ್ಮ ಎಲ್ಲಿಯವು ಅಂತ ಕೇಳಿ. ನಿಮ್ಮೆದುರೇ ಇಲಿ ತಿನ್ನಿಸಿ ತೋರಿಸಲಿ.

ತೀರ್ಥಹಳ್ಳಿಯಿಂದ:
ಹುಟ್ಟಿದ ಜಾಗವೇ ಎಲ್ಲ ಅಲ್ಲ. ನಮ್ಮ ಇಗ್ವಾನಾ (ಹೊರದೇಶದ ದೊಡ್ಡ ಹಲ್ಲಿ) ಸಾಕಿದವರ ಮನೇಲೇ ಹುಟ್ಟಿದ್ದು, ಎರಡು ವರ್ಷ ಹೆಗಲ ಮೇಲೆ ಕೂತು ದಾಸವಾಳ ತಿಂತಿತ್ತು. ಮೂರನೇ ವರ್ಷ ಬೆದೆಗೆ ಬಂತು, ಗಂಡು. ಮೈ ಕಿತ್ತಳೆ ಬಣ್ಣ, ಬಾಲದಲ್ಲಿ ಬಾರಿಸಿದ ಬರೆ ಮೊಣಕೈ ಮೇಲೆ ಇನ್ನೂ ಇದೆ. ಆ ಕಾಲ ಕಳೆದ ಮೇಲೆ ಮತ್ತೆ ತಣ್ಣಗಾಯ್ತು. ಇನ್ನೊಂದು: ಆಷಾಢದಲ್ಲಿ ಕರೆಂಟ್ ಹೋದ್ರೆ ಪೆಟ್ಟಿಗೆ ಥಂಡಿ ಹಿಡಿಯುತ್ತೆ, ಹಾವಿಗೆ ಮೂಗಲ್ಲಿ ಸಿಂಬಳದ ಗುಳ್ಳೆ ಬರುತ್ತೆ. ಮೊದಲು ಯುಪಿಎಸ್ ತಗೊಳ್ಳಿ, ಹಾವು ಆಮೇಲೆ.

ಕೊಪ್ಪದಿಂದ:
ಹುಡುಗ ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನೋ ಉಡವನ್ನೋ ಮನೆಗೆ ತರದ ಹಾಗೆ ನೋಡ್ಕೊಳ್ಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ ಪ್ರಾಣಿಗಳನ್ನೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ 'ಪರಿವೇಶ್' ವೆಬ್‌ಸೈಟಲ್ಲಿ ನೋಂದಾಯಿಸಬೇಕು. ಕಾಗದ ಕೊಡದವನ ಹತ್ರ ವ್ಯಾಪಾರವೇ ಬೇಡ.

ಮತ್ತೆ ವಿನೋಬನಗರದಿಂದ:
ಎಲ್ಲರಿಗೂ ಧನ್ಯವಾದ. ಫೋನ್ ಮಾಡಿದ್ದೆ. ಅಪ್ಪ ಅಮ್ಮನ ಫೋಟೊ, ಕಾಗದ ಎರಡನ್ನೂ ಕೇಳಿದೆ. 'ನಾಳೆ ಕಳಿಸ್ತೀನಿ' ಅಂದಿದ್ದು ಸೋಮವಾರ. ಇವತ್ತು ಶುಕ್ರವಾರ.